ದೀಕ್ಷಾಸ್ನಾನದ ವಿಷಯವಾಗಿ ಒಂದು ಪಾಠ

ಖಾನಾಪುರದಿಂದ ಬೆಳಗಾವಿಗೆ ಬಂದ ಹೊಸ ವಿಶ್ವಾಸಿಯೊಬ್ಬನು ದೀಕ್ಷಾಸ್ನಾನವನ್ನು ಅಪೇಕ್ಷಿಸಿದರೆ, ಒಂದು ಸಭೆಯವರು ನೀರು ಚಿಮುಕಿಸಿದರೆ ಸಾಕೆನ್ನುವರು, ಇನ್ನೊಂದು ಸಭೆಯವರು ಮುಳುಗದೆ ಸಲ್ಲದೆನ್ನುವರು. ಅವನು ಹಿಂದಿರುಗಿದರೆ ಆಶ್ಚರ್ಯವೇನು? 1820ರಲ್ಲಿ ಲಂಡನ್ ಮಿಶನ್ನಿನವರು ಇಲ್ಲಿ ಆರಂಭಿಸಿದ ಸೇವೆಯನ್ನು 1904ರಲ್ಲಿ ಮೆಥೊಡಿಸ್ಟರು ವಹಿಸಿಕೊಂಡರು. ಇಬ್ಬರೂ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವವರಾದ ಕಾರಣ ನಮ್ಮ ಹಳೆಯ ಮನೆತನಗಳಿಗೆ ಈ ಸಂಕಟ ತಿಳಿಯದು.

ಅಪೊಸ್ತಲರ ಕೃತ್ಯಗಳನ್ನು ತೆರೆಯಿರಿ. 8ನೆಯ ಅಧ್ಯಾಯದಲ್ಲಿ ಫಿಲಿಪ್ಪನೂ ಕಂಚುಕಿಯೂ ನೀರಿಗಿಳಿದರು, ಮುಳುಗಿಸುವವರ ಆಧಾರವಿದು. 16ನೆಯದರಲ್ಲಿ ಸೆರೆಯ ಯಜಮಾನನು ಅದೇ ರಾತ್ರಿ ಮನೆಯವರೆಲ್ಲರೊಡನೆ ದೀಕ್ಷಾಸ್ನಾನ ಹೊಂದಿದನು. ಕೂಸುಗಳಿಗೆ ಕೊಡುವವರ ಆಧಾರವಿದು. ಆದರೆ ಕಂಚುಕಿಯು ಮುಳುಗಿದನೋ, ಆ ಮನೆಯಲ್ಲಿ ಕೂಸುಗಳಿದ್ದವೋ, ಗ್ರಂಥವು ಹೇಳುವುದಿಲ್ಲ. ಕೇಳಲು ಬಂದವನಿಗೆ ಇದನ್ನು ಮುಚ್ಚದೆ ತಿಳಿಸತಕ್ಕದ್ದು. ಆ ಯಜಮಾನನು ಮೊದಲು ಕೈದಿಗಳ ಗಾಯಗಳನ್ನು ತೊಳೆದನೆಂಬುದು ಮಾತ್ರ ಸ್ಪಷ್ಟ. ಅದರ ವಿಷಯವಾಗಿ ಸಭೆಗಳು ವಾದಿಸಿದ್ದನ್ನು ನಾನು ಕೇಳಿಲ್ಲ.