ಕರುಳಿನ ಉರಿಯೂತ: ರಕ್ತ ಪರೀಕ್ಷೆ ಏನು ಹೇಳೀತು?

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಮೂಲವ್ಯಾಧಿ. ಜೊತೆಗೆ ಭೇದಿಯೂ ಇದ್ದರೆ ಆಮಶಂಕೆ. ಔಷಧದ ಅಂಗಡಿಯಿಂದ ನಾಲ್ಕು ಮಾತ್ರೆ ತಂದು ನುಂಗಿ, ಮೂರು ದಿನ ಮಜ್ಜಿಗೆ ಅನ್ನ ಉಂಡು, ಕಡಿಮೆಯಾಯಿತೆಂದು ಸುಮ್ಮನಾಗುತ್ತೇವೆ. ಬಹಳಷ್ಟು ಸಲ ಅದು ನಿಜಕ್ಕೂ ಕಡಿಮೆಯಾಗಿರುತ್ತದೆ. ಆದರೆ ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ತೊಂದರೆ, ಮತ್ತೆ ಅದೇ ಮಾತ್ರೆ. ಈ ನಡುವೆ ಮೈತೂಕ ಐದಾರು ಕಿಲೋ ಇಳಿದಿದೆ, ಮುಖ ಬಿಳಿಚಿಕೊಂಡಿದೆ, ನಡುರಾತ್ರಿ ನಿದ್ದೆಯಿಂದೆದ್ದು ಶೌಚಾಲಯಕ್ಕೆ ಓಡಬೇಕಾಗಿದೆ. ಹೀಗಿದ್ದರೆ ಅದು ಸಾಮಾನ್ಯ ಭೇದಿಯಾಗಿರಲಾರದು. ಅದರಲ್ಲೂ ರೋಗಿಯ ವಯಸ್ಸು 15ರಿಂದ 35ರ ಒಳಗಿದ್ದರೆ, ‘ಕರುಳಿನ ಉರಿಯೂತದ ಕಾಯಿಲೆ’ ಇರಬಹುದೇ ಎಂದು ವೈದ್ಯರನ್ನು ನೀವೇ ಕೇಳುವುದು ಒಳ್ಳೆಯದು.

ಈ ಹೆಸರಿನ ಕೆಳಗೆ ಮುಖ್ಯವಾಗಿ ಎರಡು ಕಾಯಿಲೆಗಳು ಬರುತ್ತವೆ. ಒಂದು ಅಲ್ಸರೇಟಿವ್ ಕೊಲೈಟಿಸ್. ಇದು ದೊಡ್ಡ ಕರುಳಿಗೆ ಮಾತ್ರ ಸೀಮಿತ. ಗುದನಾಳದಿಂದ ಆರಂಭವಾಗಿ ಮೇಲ್ಮುಖವಾಗಿ ಹಬ್ಬುತ್ತದೆ, ಒಳಪದರದಲ್ಲಿ ಹುಣ್ಣು ಮಾಡುತ್ತದೆ. ಇನ್ನೊಂದು ಕ್ರೋನ್ ಕಾಯಿಲೆ. ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ಇದನ್ನು ವರ್ಣಿಸಿದರು. ಇದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದಾದರೂ ಇದಕ್ಕೆ ಹೆಚ್ಚು ಪ್ರಿಯವಾದ ಜಾಗ ಸಣ್ಣ ಕರುಳಿನ ಕೊನೆಯ ಭಾಗ. ನಡುನಡುವೆ ಆರೋಗ್ಯವಂತ ಜಾಗ ಬಿಟ್ಟು, ಅಲ್ಲಲ್ಲಿ, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುತ್ತದೆ. ಆದ್ದರಿಂದಲೇ ಕರುಳು ಕಿರಿದಾಗಿ ಆಹಾರ ಸಿಕ್ಕಿಕೊಳ್ಳುವುದು, ಕೀವು ತುಂಬುವುದು, ಗುದದ ಬಳಿ ಭಗಂದರವಾಗುವುದು ಇದರಲ್ಲಿ ಹೆಚ್ಚು.

ಕಾವಲುಗಾರರೇ ಮನೆಗೆ ಕಲ್ಲು ಹೊಡೆದಾಗ

ನಮ್ಮ ಕರುಳಿನಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಾಗಳು ವಾಸವಾಗಿವೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು, ಕೆಲವು ಉಪಕಾರಿಗಳೂ ಹೌದು. ಅವುಗಳನ್ನು ಸಹಿಸಿಕೊಂಡು, ಹೊರಗಿನಿಂದ ಬಂದ ಶತ್ರುವನ್ನಷ್ಟೇ ಹೊಡೆಯುವುದು ರೋಗನಿರೋಧಕ ವ್ಯವಸ್ಥೆಯ ಜಾಣತನ. ಕರುಳಿನ ಉರಿಯೂತದಲ್ಲಿ ಈ ವಿವೇಚನೆ ಕೆಡುತ್ತದೆ. ಬಿಳಿಯ ರಕ್ತಕಣಗಳು ಸುಮ್ಮನಿದ್ದ ನೆರೆಯವರ ಮೇಲೆ ಯುದ್ಧ ಸಾರುತ್ತವೆ; ಗಾಯವಾಗುವುದು ನಮ್ಮದೇ ಕರುಳಿಗೆ. ಯುದ್ಧ ಮುಗಿದರೂ ಕಾವಲುಗಾರರು ಮನೆಗೆ ಹೋಗುವುದಿಲ್ಲ.

ಹೀಗೇಕೆ? ಜೀನುಗಳ ಪಾತ್ರವಿದೆ. 2001ರಲ್ಲಿ ನಾಡ್2 ಎಂಬ ಜೀನಿನಲ್ಲಿನ ವ್ಯತ್ಯಾಸಕ್ಕೂ ಕ್ರೋನ್ ಕಾಯಿಲೆಗೂ ಸಂಬಂಧವಿರುವುದು ಗೊತ್ತಾಯಿತು. ಆ ಮೇಲೆ ಇಂತಹ 200ಕ್ಕೂ ಹೆಚ್ಚು ತಾಣಗಳು ನಮ್ಮ ವರ್ಣತಂತುಗಳಲ್ಲಿ ಪತ್ತೆಯಾಗಿವೆ. ಆದರೆ ಯೂರೋಪಿನವರಲ್ಲಿ ಕಂಡ ನಾಡ್2 ವ್ಯತ್ಯಾಸಗಳು ಭಾರತೀಯ ರೋಗಿಗಳಲ್ಲಿ ಅಪರೂಪ. ಜೊತೆಗೆ ಇಂತಹ ಜೀನು ಹೊತ್ತ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಆದ್ದರಿಂದ ‘ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲವಲ್ಲ’ ಎಂಬ ಪ್ರಶ್ನೆಗೂ, ‘ನನ್ನಿಂದ ಮಗುವಿಗೆ ಬಂತೇ’ ಎಂಬ ತಾಯಿಯ ಕೊರಗಿಗೂ ಇಲ್ಲಿ ಹೆಚ್ಚು ಅರ್ಥವಿಲ್ಲ.

ಪುಸ್ತಕದಲ್ಲಿ ಇರುವುದು, ಒಲೆಯ ಮೇಲೆ ಇರುವುದು

ಜೀನು ಇರುವುದು ಬೇರೆ, ಜೀನು ಕೆಲಸ ಮಾಡುವುದು ಬೇರೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಮನೆಯಲ್ಲಿ ಒಂದು ಅಡುಗೆ ಪುಸ್ತಕವಿದೆಯೆನ್ನಿ. ಅದರಲ್ಲಿ ಬಿಸಿಬೇಳೆ ಬಾತ್ ಕೂಡ ಇದೆ, ಹಯಗ್ರೀವವೂ ಇದೆ. ಪುಸ್ತಕ ನೋಡಿದ ಮಾತ್ರಕ್ಕೆ ಇಂದು ಮಧ್ಯಾಹ್ನ ಏನು ಬೇಯುತ್ತಿದೆಯೆಂದು ತಿಳಿಯದು; ಅದಕ್ಕೆ ಅಡುಗೆಮನೆಗೇ ಹೋಗಬೇಕು. ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಅದೇ ಪುಸ್ತಕವಿದೆ. ಯಾವ ಪುಟ ತೆರೆದಿದೆ ಎಂಬುದು ಕೋಶದಿಂದ ಕೋಶಕ್ಕೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ತೆರೆದ ಪುಟವನ್ನು ಕೋಶವು ಆರ್‌ಎನ್‌ಎ ಎಂಬ ಚೀಟಿಗೆ ನಕಲು ಮಾಡಿಕೊಳ್ಳುತ್ತದೆ. ಆ ಚೀಟಿ ನೋಡಿ ಪ್ರೋಟೀನು ತಯಾರಾಗುತ್ತದೆ. ಈ ಚೀಟಿಗಳನ್ನು ಎಣಿಸಿದರೆ ಯಾವ ಜೀನು ಎಷ್ಟು ಚುರುಕಾಗಿದೆಯೆಂದು ಹೇಳಬಹುದು.

ರೋಗ ಕರುಳಿನಲ್ಲಿರುವಾಗ ರಕ್ತವನ್ನೇಕೆ ನೋಡಬೇಕು ಎಂದು ನೀವು ಕೇಳಬಹುದು. ಕರುಳಿಗೆ ಹೋಗಿ ಜಗಳ ತೆಗೆಯುವ ಕಣಗಳು ಓಡಾಡುವ ದಾರಿಯೇ ರಕ್ತ. ತೋಳಿನಿಂದ ರಕ್ತ ತೆಗೆಯುವುದು, ಹೊಟ್ಟೆ ಖಾಲಿ ಮಾಡಿಸಿ ನಳಿಕೆ ತೂರಿಸುವುದಕ್ಕಿಂತ ಎಷ್ಟೋ ಸುಲಭ.

ಇಂಗ್ಲೆಂಡಿನ ಕೇಂಬ್ರಿಜ್‌ನ ಸಂಶೋಧಕರು ಈ ದಾರಿ ಹಿಡಿದರು. ಸಿಡಿ8 ಎಂಬ ಗುರುತಿನ ಟಿ-ಕೋಶಗಳನ್ನು ರೋಗಿಗಳ ರಕ್ತದಿಂದ ಬೇರ್ಪಡಿಸಿ ಜೀನು ಚಟುವಟಿಕೆ ನೋಡಿದಾಗ, ರೋಗಿಗಳು ಎರಡು ಗುಂಪಾಗಿ ಒಡೆದು ಕಂಡರು. 2011ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಒಂದು ಗುಂಪಿಗೆ ಕಾಯಿಲೆ ಪದೇ ಪದೇ ಮರುಕಳಿಸಿತು, ಹೆಚ್ಚು ಔಷಧ ಬೇಕಾಯಿತು. ಇನ್ನೊಂದು ಗುಂಪು ಬಹುಮಟ್ಟಿಗೆ ಶಾಂತವಾಗಿತ್ತು. ಕಾರಣವೂ ಸ್ವಾರಸ್ಯವಾದದ್ದು. ಬಹುಕಾಲ ಹೋರಾಡಿದ ಟಿ-ಕೋಶಗಳು ಬಳಲುತ್ತವೆ. ವೈರಸ್ ಸೋಂಕಿನಲ್ಲಿ ಈ ಬಳಲಿಕೆ ನಮಗೆ ನಷ್ಟ. ಆದರೆ ತನ್ನವರನ್ನೇ ಹೊಡೆಯುವ ಸೇನೆ ಬಳಲಿದರೆ ಲಾಭ! ಯಾರ ಕೋಶಗಳು ಬಳಲುವುದಿಲ್ಲವೋ ಅವರ ಕಾಯಿಲೆ ಉಗ್ರ. ಮುಂದೆ ಅದೇ ತಂಡ ಕೋಶ ಬೇರ್ಪಡಿಸುವ ಕಷ್ಟವಿಲ್ಲದೆ, ಇಡೀ ರಕ್ತದಲ್ಲಿ 17 ಜೀನುಗಳ ಚಟುವಟಿಕೆ ಅಳೆಯುವ ಪರೀಕ್ಷೆಯನ್ನು 2019ರಲ್ಲಿ ಮುಂದಿಟ್ಟಿತು.

ಇದರಿಂದ ರೋಗಿಗೇನು ಲಾಭ? ಕ್ರೋನ್ ಕಾಯಿಲೆಗೆ ರೂಢಿಯ ಚಿಕಿತ್ಸೆ ಮೆಟ್ಟಿಲು ಹತ್ತಿದಂತೆ. ಮೊದಲು ಸ್ಟೀರಾಯ್ಡ್, ಮರುಕಳಿಸಿದರೆ ಅಜಥಯೋಪ್ರಿನ್‌ನಂತಹ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್‌ನಂತಹ ಪ್ರಬಲ ಚುಚ್ಚುಮದ್ದು. ಇದು ಉರಿಯೂತ ಹಬ್ಬಿಸುವ ಟಿಎನ್ಎಫ್ ಎಂಬ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಎಲ್ಲರಿಗೂ ಮೊದಲೇ ಇದನ್ನು ಕೊಟ್ಟರೆ ಸೌಮ್ಯ ಕಾಯಿಲೆಯವರಿಗೆ ಅನಾವಶ್ಯಕ ಖರ್ಚು, ಅಪಾಯ. ಕಾದು ಕೂತರೆ ಉಗ್ರ ಕಾಯಿಲೆಯವರ ಕರುಳು ಕತ್ತರಿಸಬೇಕಾದೀತು. ರಕ್ತ ಪರೀಕ್ಷೆಯೊಂದು ಮೊದಲ ದಿನವೇ ಇವರನ್ನು ವಿಂಗಡಿಸಿದರೆ ಎಷ್ಟು ಚೆನ್ನ!

ಇದನ್ನೇ ಒರೆಗೆ ಹಚ್ಚಲು ಬ್ರಿಟನ್ನಿನಲ್ಲಿ ‘ಪ್ರೊಫೈಲ್’ ಎಂಬ ಪ್ರಯೋಗ ನಡೆಯಿತು. 2017ರ ಕೊನೆಯಿಂದ 2022ರ ಆರಂಭದವರೆಗೆ, ಹೊಸದಾಗಿ ಕ್ರೋನ್ ಪತ್ತೆಯಾದ 386 ರೋಗಿಗಳನ್ನು ಸೇರಿಸಿಕೊಂಡರು. ಅರ್ಧದಷ್ಟು ಜನರಿಗೆ ಆರಂಭದಲ್ಲೇ ಪ್ರಬಲ ಚಿಕಿತ್ಸೆ, ಉಳಿದವರಿಗೆ ಮೆಟ್ಟಿಲು ಚಿಕಿತ್ಸೆ. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ರಕ್ತ ಪರೀಕ್ಷೆ ಸೋತಿತು. ಯಾರಿಗೆ ಯಾವ ಚಿಕಿತ್ಸೆ ಒಗ್ಗುವುದೆಂದು ಹೇಳಲು ಆ 17 ಜೀನುಗಳಿಂದ ಆಗಲಿಲ್ಲ. ಆದರೆ ಯಾರೂ ಇಷ್ಟು ದೊಡ್ಡದಾಗಿ ನಿರೀಕ್ಷಿಸಿರದ ಇನ್ನೊಂದು ಉತ್ತರ ಸಿಕ್ಕಿತು. ಆರಂಭದಲ್ಲೇ ಪ್ರಬಲ ಚಿಕಿತ್ಸೆ ಪಡೆದವರಲ್ಲಿ ಶೇ. 79 ಮಂದಿ 48 ವಾರಗಳ ಕೊನೆಗೂ ಸ್ಟೀರಾಯ್ಡ್ ಇಲ್ಲದೆ, ಶಸ್ತ್ರಚಿಕಿತ್ಸೆ ಇಲ್ಲದೆ ಆರಾಮವಾಗಿದ್ದರು. ಮೆಟ್ಟಿಲು ಹತ್ತಿದವರಲ್ಲಿ ಅಂಥವರು ಕೇವಲ ಶೇ. 15. ಗಂಭೀರ ಸೋಂಕುಗಳೂ ಮೊದಲ ಗುಂಪಿನಲ್ಲಿ ಹೆಚ್ಚಲಿಲ್ಲ.

ತಾವೇ ಕಟ್ಟಿದ ಪರೀಕ್ಷೆ ಕೆಲಸ ಮಾಡಲಿಲ್ಲವೆಂದು ಪ್ರಾಮಾಣಿಕವಾಗಿ ಪ್ರಕಟಿಸಿದ್ದು ನನಗಂತೂ ಈ ಕಥೆಯಲ್ಲಿ ಬಹಳ ಹಿಡಿಸಿದ ಸಂಗತಿ. ‘ಜೀನ್ ಪರೀಕ್ಷೆಯಿಂದ ನಿಮ್ಮ ಹೊಟ್ಟೆಯ ಭವಿಷ್ಯ’ ಎಂಬ ಜಾಹೀರಾತು ಕಂಡಾಗ ನೀವು ಇದನ್ನು ನೆನಪಿಟ್ಟುಕೊಳ್ಳಿ.

ಕ್ಷಯದ ತೊಡಕು

ಬ್ರಿಟನ್ನಿನ ಫಲಿತಾಂಶವನ್ನು ಹಾಗೆಯೇ ನಮ್ಮೂರಿಗೆ ತರಲಾಗದು. ನಮ್ಮಲ್ಲಿ ಕರುಳಿನ ಕ್ಷಯವೂ ಸಾಮಾನ್ಯ. ಅದು ಕೂಡ ಸಣ್ಣ ಕರುಳಿನ ಕೊನೆಯಲ್ಲೇ ಕೂರುತ್ತದೆ. ಅದರಲ್ಲೂ ಹೊಟ್ಟೆನೋವು, ಜ್ವರ, ತೂಕ ಇಳಿತ. ನಳಿಕೆ ಹಾಕಿ ನೋಡಿದರೂ, ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಅನುಭವಿ ವೈದ್ಯರೇ ಗೊಂದಲಕ್ಕೆ ಬೀಳುವುದುಂಟು. ಕ್ಷಯಕ್ಕೆ ಕ್ರೋನ್ ಔಷಧ ಕೊಟ್ಟರೆ ಕ್ಷಯ ಕೆರಳುತ್ತದೆ. ಕ್ರೋನ್‌ಗೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಟ್ಟರೆ ಅಷ್ಟು ಕಾಲ ಕರುಳು ಹಾಳಾಗುತ್ತದೆ. ಟಿಎನ್ಎಫ್ ಕಟ್ಟಿಹಾಕುವ ಮದ್ದು ದೇಹದಲ್ಲಿ ಮಲಗಿರುವ ಕ್ಷಯವನ್ನೂ ಎಬ್ಬಿಸಬಲ್ಲದು. ಆದ್ದರಿಂದ ಚುಚ್ಚುಮದ್ದಿಗೆ ಮೊದಲು ಎದೆಯ ಎಕ್ಸ್-ರೇ, ಕ್ಷಯದ ಪರೀಕ್ಷೆ ಆಗಲೇಬೇಕು. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯವಿದ್ದರೆ ಮುಚ್ಚಿಡಬೇಡಿ.

ಹಾಗಾದರೆ ಇಂದು ಉಪಯೋಗಕ್ಕೆ ಬರುವ ಪರೀಕ್ಷೆಗಳಾವುವು? ರಕ್ತದಲ್ಲಿ ಹಿಮೋಗ್ಲೋಬಿನ್, ಸಿಆರ್‌ಪಿ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್: ಬಿಳಿಯ ಕಣಗಳು ಕರುಳಿಗೆ ಸುರಿದಾಗ ಇದು ಹೆಚ್ಚುತ್ತದೆ. ಮಾನಸಿಕ ಒತ್ತಡದಿಂದ ಕೆರಳುವ ‘ಐಬಿಎಸ್’ ತೊಂದರೆಯಲ್ಲಿ ಇದು ಸಾಮಾನ್ಯವಾಗಿ ಹೆಚ್ಚುವುದಿಲ್ಲ. ಎಷ್ಟೋ ಜನರಿಗೆ ನಳಿಕೆಯ ಕಷ್ಟವೇ ತಪ್ಪುತ್ತದೆ. ಆದರೆ ಸೋಂಕಿನ ಭೇದಿಯಲ್ಲೂ ಏರುವುದರಿಂದ ಇದೊಂದನ್ನೇ ನಂಬಲಾಗದು. ಅಂತಿಮ ತೀರ್ಮಾನಕ್ಕೆ ಕೊಲೊನೋಸ್ಕೋಪಿ ಬೇಕು.

ಉಪಯುಕ್ತವಾದ ಜೀನು ಪರೀಕ್ಷೆಯೂ ಒಂದಿದೆ. ಅಜಥಯೋಪ್ರಿನ್ ನುಂಗಿದ ಕೆಲವರಿಗೆ ಕೆಲವೇ ವಾರಗಳಲ್ಲಿ ತಲೆಗೂದಲು ರಾಶಿ ರಾಶಿ ಉದುರುತ್ತದೆ, ಬಿಳಿಯ ಕಣಗಳು ಪಾತಾಳಕ್ಕಿಳಿಯುತ್ತವೆ. ನಡ್ಟ್15 ಎಂಬ ಜೀನಿನ ವ್ಯತ್ಯಾಸ ಇದಕ್ಕೆ ಕಾರಣವೆಂದು 2014ರಲ್ಲಿ ಕೊರಿಯಾದ ರೋಗಿಗಳಲ್ಲಿ ತಿಳಿಯಿತು. ಈ ವ್ಯತ್ಯಾಸ ಯೂರೋಪಿನವರಿಗಿಂತ ಏಷ್ಯಾದವರಲ್ಲಿ, ಭಾರತೀಯರಲ್ಲೂ, ಹೆಚ್ಚು. ಮಾತ್ರೆ ಆರಂಭಿಸುವ ಮೊದಲು ಈ ಪರೀಕ್ಷೆ ಸಾಧ್ಯವೇ ಎಂದು ಕೇಳಿ. ಸಾಧ್ಯವಿಲ್ಲದಿದ್ದರೆ ಮೊದಲ ಎರಡು ತಿಂಗಳು ರಕ್ತಕಣಗಳ ಎಣಿಕೆಯನ್ನು ವೈದ್ಯರು ಹೇಳಿದಾಗಲೆಲ್ಲ ತಪ್ಪದೆ ಮಾಡಿಸಿ.

ಆರಾಮವಾಯಿತೆಂದು ಮಾತ್ರೆ ಬಿಡುವುದು ಮರುಕಳಿಕೆಗೆ ದೊಡ್ಡ ಕಾರಣ. ಸ್ಟೀರಾಯ್ಡನ್ನಂತೂ ಒಮ್ಮೆಲೇ ನಿಲ್ಲಿಸಬಾರದು, ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮತ್ತೆ ಮತ್ತೆ ತರಲೂಬಾರದು. ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ಕರುಳನ್ನು ಕೆರಳಿಸಬಹುದು. ಸಿಗರೇಟು ಕ್ರೋನ್ ಕಾಯಿಲೆಯನ್ನು ಉಲ್ಬಣಗೊಳಿಸುತ್ತದೆ. ಹಾಲು ಕುಡಿದರೆ ಹೊಟ್ಟೆ ಕೆಡುವವರು ಮಾತ್ರ ಹಾಲು ಬಿಟ್ಟರೆ ಸಾಕು. ಸೊರಗಿದ ರೋಗಿಗೆ ಬರೀ ಗಂಜಿ ಕುಡಿಸಿ ಇನ್ನಷ್ಟು ಸೊರಗಿಸಬೇಡಿ.

ಮದುವೆಯ ವಯಸ್ಸಿನ ಮಗಳಿಗೆ ಈ ಕಾಯಿಲೆಯಿದ್ದರೆ ತಂದೆತಾಯಿ ಅದನ್ನು ಬೀಗರಿಂದ ಮುಚ್ಚಿಡುತ್ತಾರೆ. ಆಕೆ ಗಂಡನ ಮನೆಯಲ್ಲಿ ಕದ್ದು ಮಾತ್ರೆ ನುಂಗಲಾರದೆ ಬಿಟ್ಟುಬಿಡುತ್ತಾಳೆ, ಕಾಯಿಲೆ ಕೆರಳುತ್ತದೆ. ಕಾಯಿಲೆ ಹತೋಟಿಯಲ್ಲಿದ್ದಾಗ ಗರ್ಭ ಧರಿಸಿದ ಬಹುಪಾಲು ಹೆಂಗಸರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ಹೆಚ್ಚಿನ ಔಷಧಗಳನ್ನು ಬಸಿರಿನಲ್ಲೂ ಮುಂದುವರಿಸಬಹುದು. ಮೆಥೊಟ್ರೆಕ್ಸೇಟ್ ಕೂಡದು, ಅದನ್ನು ತಿಂಗಳುಗಳ ಮೊದಲೇ ನಿಲ್ಲಿಸಬೇಕು. ಆದ್ದರಿಂದ ಮಗು ಬೇಕೆಂದುಕೊಂಡಾಗಲೇ, ದಂಪತಿಗಳಿಬ್ಬರೂ ಕೂಡಿ, ವೈದ್ಯರನ್ನು ಕಾಣಬೇಕು.