ಅಚ್ಚಿಗೆ ಕಳುಹುವ ಮೊದಲು

ಶಾಲೆಯ ಸ್ಮರಣಸಂಚಿಕೆ ಹೊರಡುವ ಕಾಲದಲ್ಲಿ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯ್ತಂದೆಗಳೂ ಪ್ರೀತಿಯಿಂದ ಲೇಖನಗಳನ್ನೂ ಭಾವಚಿತ್ರಗಳನ್ನೂ ಕಳುಹಿಸಿಕೊಡುವರು. ಅವನ್ನು ಪುಟಗಳಾಗಿ ಜೋಡಿಸುವ ಕೆಲಸವು ಈಗ ಮನೆಯ ಗಣಕಯಂತ್ರದಲ್ಲಿಯೇ ನಡೆಯುವುದರಿಂದ ಒಂದಲ್ಲ ಒಂದು ದಿನ ನಮ್ಮಲ್ಲಿ ಅನೇಕರ ಪಾಲಿಗೆ ಅದು ಬಂದೇ ಬರುವುದು. ಶಾಲೆಯ ಪುಸ್ತಕವಲ್ಲದಿದ್ದರೆ ಸಭೆಯ ವಾರ್ಷಿಕ ವರದಿ, ಅದೂ ಅಲ್ಲದಿದ್ದರೆ ಮಗಳ ಮದುವೆಯ ಕರೆಯೋಲೆ. ಈ ಕೆಲಸದಲ್ಲಿ ಕೆಲವು ವರ್ಷ ಕಳೆದವಳಾಗಿ, ಆಫ್‌ಸೆಟ್ ಮುದ್ರಣಕ್ಕೆ ಪುಟಗಳನ್ನು ಹೇಗೆ ಸಿದ್ಧಪಡಿಸಬೇಕೆಂಬುದನ್ನು ತಿಳಿದಷ್ಟು ಬರೆಯುವೆನು.

ಮೊದಲು ಯಂತ್ರದ ಸ್ವಭಾವವನ್ನು ಅರಿಯಬೇಕು. ಆಫ್‌ಸೆಟ್ ಎಂಬುದು ಕಲ್ಲಚ್ಚಿನ ಸಂತತಿ. ಜರ್ಮನಿಯ ಬವೇರಿಯ ಸೀಮೆಯಲ್ಲಿ ಅಲೋಯಿಸ್ ಸೆನೆಫೆಲ್ಡರ್ ಎಂಬ ನಾಟಕಕಾರನು ತನ್ನ ನಾಟಕಗಳನ್ನು ಅಲ್ಪ ವೆಚ್ಚದಲ್ಲಿ ಅಚ್ಚುಹಾಕುವ ಉಪಾಯವನ್ನು ಹುಡುಕುತ್ತ, ೧೭೯೬ರಿಂದ ೧೭೯೮ರೊಳಗೆ ಈ ಕಲೆಯನ್ನು ಕಂಡುಹಿಡಿದನು. ಎಣ್ಣೆಗೂ ನೀರಿಗೂ ಆಗದೆಂಬುದೇ ಅದರ ಗುಟ್ಟು. ಜಿಡ್ಡಿನ ಮಸಿಯಿಂದ ಸುಣ್ಣಕಲ್ಲಿನ ಮೇಲೆ ಬರೆದು, ಕಲ್ಲನ್ನು ನೀರಿನಿಂದ ತೊಯಿಸಿ, ಎಣ್ಣೆಮಸಿಯ ಉರುಳೆಯನ್ನು ಹೊರಳಿಸಿದರೆ ಬರೆದಲ್ಲಿ ಮಾತ್ರ ಮಸಿ ಹಿಡಿಯುವುದು. ೧೮೪೧ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಆರಂಭವಾದದ್ದೂ ಕಲ್ಲಚ್ಚಿನಿಂದಲೇ. ೧೮೪೩ರಲ್ಲಿ ಹೆರ್ಮನ್ ಮೋಗ್ಲಿಂಗ್ ಪಾದ್ರಿಯವರು ಹೊರಡಿಸಿದ 'ಮಂಗಳೂರ ಸಮಾಚಾರ'ವೆಂಬ ಮೊದಲ ಕನ್ನಡ ವೃತ್ತಪತ್ರಿಕೆಯೂ ಕಲ್ಲಿನಿಂದಲೇ ಕಾಗದಕ್ಕೆ ಇಳಿಯಿತು.

೧೯೦೪ರ ಸುಮಾರಿಗೆ ಅಮೇರಿಕದ ನ್ಯೂಜೆರ್ಸಿಯಲ್ಲಿ ಐರಾ ರೂಬೆಲ್ ಎಂಬ ಮುದ್ರಕನ ಯಂತ್ರಕ್ಕೆ ಒಮ್ಮೆ ಕಾಗದ ಕೊಡುವುದು ತಪ್ಪಿಹೋಗಿ, ಅಚ್ಚು ರಬ್ಬರಿನ ಹೊದಿಕೆಯ ಮೇಲೆ ಬಿದ್ದಿತು. ಮುಂದಿನ ಹಾಳೆಯ ಹಿಂಬದಿಗೆ ಆ ರಬ್ಬರಿನಿಂದ ಇಳಿದ ಅಚ್ಚು ಮುಂಬದಿಯದಕ್ಕಿಂತಲೂ ಸ್ಫುಟವಾಗಿದ್ದುದನ್ನು ಅವನು ಕಂಡನು. ಇಂದು ಕಲ್ಲಿನ ಬದಲಿಗೆ ತೆಳ್ಳಗಿನ ಅಲ್ಯುಮಿನಿಯಂ ತಗಡು; ತಗಡಿನಿಂದ ರಬ್ಬರಿಗೆ, ರಬ್ಬರಿನಿಂದ ಕಾಗದಕ್ಕೆ.

ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ತಪ್ಪಿದ ಒಂದಕ್ಷರವನ್ನು ಚಿಮಟದಿಂದ ಕಿತ್ತು ಬೇರೊಂದನ್ನು ಇಡಬಹುದಾಗಿತ್ತು. ಜೋಡಿಸುವವನೇ ಎಷ್ಟೋ ವೇಳೆ ತಪ್ಪನ್ನು ಕಂಡು ತಿದ್ದುತ್ತಿದ್ದನು. ತಗಡಿನ ಮೇಲೆ ಹಾಗಾಗದು. ಒಂದು ತಗಡಿನಲ್ಲಿ ನಾಲ್ಕೋ ಎಂಟೋ ಪುಟಗಳು ಒಟ್ಟಿಗೆ ಕೂತಿರುವುವು. ಒಂದು ದೀರ್ಘ ತಪ್ಪಿದರೂ ಇಡೀ ತಗಡನ್ನೇ ಬಿಸುಟು ಹೊಸದನ್ನು ಮಾಡಬೇಕು. ಬಣ್ಣದ ಪುಟವಾದರೆ ತಗಡುಗಳು ನಾಲ್ಕು. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಸಾವಿರ ಸಲ ಒಪ್ಪಿಸುವ ನಿಷ್ಠೆ ಈ ಯಂತ್ರಕ್ಕುಂಟು, ವಿವೇಕವಿಲ್ಲ.

ಇದನ್ನು ನಾನು ಕಲಿತದ್ದು ಒಂದು ನಷ್ಟದಿಂದ. ಮೊದಮೊದಲಿಗೆ ಒಂದು ಸಂಸ್ಥೆಯ ಸ್ಮರಣಗ್ರಂಥವನ್ನು ಸಿದ್ಧಪಡಿಸುವಾಗ, ಹಳೆಯ ತರಗತಿಯೊಂದರ ಚಿತ್ರವನ್ನು ಪುಟದ ತುಂಬ ಹರಡಿದ್ದೆನು. ಸಾಲಿನ ಕೊನೆಯ ಹುಡುಗಿಯ ಆಚೆ ಮೂಲಚಿತ್ರದಲ್ಲಿ ಒಂದಂಗುಲ ಗೋಡೆಯಿತ್ತು. ಅಂದಕ್ಕಾಗಿ ಅದನ್ನು ನಾನೇ ಕತ್ತರಿಸಿ ಅವಳನ್ನು ಪುಟದ ಅಂಚಿಗೆ ತಂದು ನಿಲ್ಲಿಸಿದೆನು. ಗ್ರಂಥ ಬಿಡುಗಡೆಯಾದ ದಿವಸ ವೃದ್ಧೆಯೊಬ್ಬರು ಆ ಪುಟವನ್ನು ತೆರೆದು, ಒಬ್ಬೊಬ್ಬರ ಮೇಲೂ ಬೆರಳಿಡುತ್ತ ತಮ್ಮ ಅಕ್ಕನನ್ನು ಹುಡುಕಿದರು. ಬೆರಳು ಅಂಚಿಗೆ ಬಂದು ನಿಂತಿತು. ಅಲ್ಲಿದ್ದದ್ದು ಒಂದು ಕಿವಿ, ಅರ್ಧ ಕೆನ್ನೆ. ಮುದ್ರಣಾಲಯದವರ ತಪ್ಪು ಎಳ್ಳಷ್ಟೂ ಇರಲಿಲ್ಲ.

ಕಾರಣವನ್ನು ಕೇಳಿರಿ. ಮುದ್ರಿತ ಹಾಳೆಗಳನ್ನು ಮಡಿಸಿ, ಒಟ್ಟಿ, ದೊಡ್ಡ ಅಲಗಿನಿಂದ ಒಮ್ಮೆಲೆ ಕತ್ತರಿಸುವರು. ಅಲಗು ಇಳಿಯುವಾಗ ಹಾಳೆಗಳು ಒಂದೆರಡು ಮಿಲಿಮೀಟರು ಜರುಗುವುದು ಸಹಜ. ಆದುದರಿಂದ ಅಂಚು ಮುಟ್ಟುವ ಚಿತ್ರವನ್ನಾಗಲಿ ಬಣ್ಣವನ್ನಾಗಲಿ ಪುಟದ ಗೆರೆಗಿಂತ ೩ ಮಿಲಿಮೀಟರು ಹೊರಕ್ಕೆ ಚಾಚಿರಬೇಕು. ಮುದ್ರಕರು ಇದನ್ನು ಬ್ಲೀಡ್ ಎನ್ನುವರು. ಇಲ್ಲವಾದರೆ ಅಂಚಿನಲ್ಲಿ ಬಿಳಿಯ ಎಳೆ ಉಳಿಯುವುದು. ಹಾಗೆಯೇ ಮುಖ, ಹೆಸರು, ಪುಟಸಂಖ್ಯೆ, ಇವು ಗೆರೆಯಿಂದ ಕನಿಷ್ಠ ೫ ಮಿಲಿಮೀಟರು ಒಳಗಿರಬೇಕು. ಹೊಲಿಗೆಯ ಕಡೆಗೆ ಇನ್ನೂ ಹೆಚ್ಚು. ಆ ಒಂದಂಗುಲ ಗೋಡೆಯನ್ನು ನಾನು ಉಳಿಸಿದ್ದರೆ ಅಕ್ಕನೂ ಉಳಿಯುತ್ತಿದ್ದಳು.

ಭಾವಚಿತ್ರಗಳ ವಿಷಯವನ್ನು ವಿಸ್ತಾರವಾಗಿ ಹೇಳಲೇಬೇಕು, ಅವುಗಳ ಮೂಲ ಪ್ರತಿಗಳು ಈ ಸಂಚಿಕೆಯನ್ನು ಓದುವವರ ಪೆಟ್ಟಿಗೆಗಳಲ್ಲಿಯೇ ಇರುವುವಲ್ಲವೆ. ಅಚ್ಚಾದ ಚಿತ್ರವೊಂದನ್ನು ಭೂತಗಾಜಿನಲ್ಲಿ ನೋಡಿದರೆ ಅದು ಬರಿಯ ಚುಕ್ಕಿಗಳ ಸಾಲೆಂದು ತಿಳಿಯುವುದು. ದೊಡ್ಡ ಚುಕ್ಕಿಯಿಂದ ಕಪ್ಪು, ಸಣ್ಣದರಿಂದ ಬೂದು. ನುಣುಪು ಕಾಗದದ ಮೇಲೆ ಅಂಗುಲಕ್ಕೆ ಸುಮಾರು ೧೫೦ ಸಾಲುಗಳಿರುವುದರಿಂದ, ನಾವು ಕೊಡುವ ಚಿತ್ರದಲ್ಲಿ ಅದರ ಇಮ್ಮಡಿ, ಎಂದರೆ ಅಂಗುಲಕ್ಕೆ ೩೦೦ ಬಿಂದುಗಳಿರಬೇಕೆಂಬುದು ವಾಡಿಕೆ. ೬ ಅಂಗುಲ ಅಗಲವಾಗಿ ಅಚ್ಚಾಗಬೇಕಾದ ಚಿತ್ರಕ್ಕೆ ಅಡ್ಡಲಾಗಿ ೧೮೦೦ ಬಿಂದುಗಳು ಬೇಕು. ೬೦೦ ಬಿಂದುಗಳ ಚಿತ್ರವು ೨ ಅಂಗುಲಕ್ಕೆ ಮಾತ್ರ ಸಾಕು. ಹಿಗ್ಗಿಸಿದರೆ ಮುಖವು ಚೌಕಚೌಕವಾಗಿಯೋ ಮಸಕಾಗಿಯೋ ತೋರುವುದು. ದೂರವಾಣಿಯ ಸಂದೇಶಗಳಲ್ಲಿ ಕೈಯಿಂದ ಕೈಗೆ ಸಾಗಿ ಬಂದ ಚಿತ್ರವು ದಾರಿಯಲ್ಲಿಯೇ ಕುಗ್ಗಿರುವುದು. ಕಿರುತೆರೆಯಲ್ಲಿ ಅದು ಚೆನ್ನಾಗಿಯೇ ಕಂಡು ನಮ್ಮನ್ನು ಮೋಸಗೊಳಿಸುವುದು. ಕಳೆದುಹೋದ ಬಿಂದುಗಳನ್ನು ಮರಳಿ ತರುವ ವಿದ್ಯೆ ಯಾರಲ್ಲಿಯೂ ಇಲ್ಲ. ಈಚಿನ ಕೆಲವು ಉಪಕರಣಗಳು ಹೊಸದಾಗಿ ಕಲ್ಪಿಸಿ ತುಂಬುವುವು, ಆದರೆ ಹಾಗೆ ತುಂಬಿದ ಕಣ್ಣುಮೂಗುಗಳು ನಮ್ಮ ಉಪಾಧ್ಯಾಯಿನಿಯವರದಾಗಿರಲಾರವು.

ಆದಕಾರಣ ಮೂಲ ಚಿತ್ರವನ್ನೇ ಸ್ಕ್ಯಾನರಿನಲ್ಲಿಟ್ಟು ಪ್ರತಿ ತೆಗೆಯುವುದು ಉತ್ತಮ. ೩ ಅಂಗುಲದ ಚಿತ್ರವನ್ನು ೬ ಅಂಗುಲಕ್ಕೆ ದೊಡ್ಡದು ಮಾಡಬೇಕಾದರೆ ೩೦೦ಕ್ಕೆ ಬದಲಾಗಿ ೬೦೦ರಲ್ಲಿ ತೆಗೆಯತಕ್ಕದ್ದು. ಹಳೆಯ ಸಂಚಿಕೆಯಲ್ಲಿ ಅಚ್ಚಾಗಿರುವ ಚಿತ್ರದಿಂದಲೇ ತೆಗೆದರೆ ಆ ಅಚ್ಚಿನ ಚುಕ್ಕಿಗಳೂ ಹೊಸ ಅಚ್ಚಿನ ಚುಕ್ಕಿಗಳೂ ಕಲೆತು ಮುಖದ ಮೇಲೆ ರೇಷ್ಮೆಯ ಅಲೆಗಳಂಥ ಗೆರೆಗಳೇಳುವುವು. ಗಾಜಿನ ಅಥವಾ ಫಿಲ್ಮಿನ ನೆಗೆಟಿವಿನಿಂದ ಪ್ರತಿ ತೆಗೆಯುವಾಗ ಬದಿ ತಿರುವುಮುರುವಾದರೆ ಚಿತ್ರವೆಲ್ಲ ಕನ್ನಡಿಯೊಳಗಿನದಾಗಿ, ಕೆಳಗೆ ಎಡದಿಂದ ಬಲಕ್ಕೆ ಕೊಟ್ಟ ಹೆಸರುಗಳೆಲ್ಲ ಬೇರೆಯವರ ಪಾಲಾಗುವುವು. ಸೆರಗು ಎಡಹೆಗಲಿನ ಮೇಲಿದೆಯೇ ನೋಡಿಕೊಳ್ಳಿರಿ. ಕೊಡಗಿನ ರೀತಿಯಲ್ಲಿ ಸೀರೆಯುಟ್ಟವರಿದ್ದರೆ ಸೆರಗು ಬಲಹೆಗಲಿನ ಮೇಲೆ ಬರುವುದರಿಂದ, ಅವರನ್ನು ನೋಡಿ ಚಿತ್ರವನ್ನು ತಿರುಗಿಸಬೇಡಿರಿ! ಮುಂದಿಟ್ಟ ಹಲಗೆಯ ಅಕ್ಷರಗಳಿದ್ದರೆ ಅವು ಇನ್ನೂ ನಂಬತಕ್ಕ ಸಾಕ್ಷಿ.

ಬಣ್ಣದ ಮಾತಿಗೆ ಬರುವೆನು. ಗಣಕದ ತೆರೆಯು ಕೆಂಪು, ಹಸಿರು, ನೀಲಿ ಬೆಳಕುಗಳಿಂದ ಬಣ್ಣವನ್ನುಂಟುಮಾಡುವುದು. ಯಂತ್ರವಾದರೋ ತಿಳಿನೀಲಿ, ನಸುಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳಿಂದ. ದೀಪದ ಹೊಳಪು ಮಸಿಗೆಲ್ಲಿಂದ ಬರಬೇಕು? ಪುಟಗಳನ್ನು ಆರಂಭದಿಂದಲೇ ಸಿ.ಎಂ.ವೈ.ಕೆ. ಎಂಬ ಆ ನಾಲ್ಕರ ಲೆಕ್ಕಕ್ಕೆ ತಂದಿಟ್ಟರೆ ಕೊನೆಯಲ್ಲಿ ನಿರಾಶೆಯಿರದು. ಶಾಲೆಯ ಲಂಗದ ಕಡುನೀಲಿಯು ಅಚ್ಚಿನಲ್ಲಿ ನೇರಳೆಯಾಗುವುದನ್ನು ಎಷ್ಟೋ ಸಲ ಕಂಡಿರುವೆನು. ನಸುಗೆಂಪಿನ ಪಾಲು ತಿಳಿನೀಲಿಗಿಂತ ನೂರಕ್ಕೆ ಮೂವತ್ತರಷ್ಟಾದರೂ ಕಡಿಮೆಯಿದ್ದರೆ ನೀಲಿಯು ನೀಲಿಯಾಗಿಯೇ ನಿಲ್ಲುವುದು. ಅಕ್ಷರಗಳು ಮಾತ್ರ ಕಪ್ಪು ಮಸಿಯೊಂದರಲ್ಲಿಯೇ ಇರತಕ್ಕದ್ದು. ನಾಲ್ಕು ಮಸಿಗಳನ್ನು ಕಲಸಿ ಕಪ್ಪು ಮಾಡಿದರೆ, ತಗಡುಗಳು ಕೂದಲೆಳೆಯಷ್ಟು ಜರುಗಿದಾಗ ನಮ್ಮ ಸಣ್ಣ ಒತ್ತಕ್ಷರಗಳ ಸುತ್ತ ಬಣ್ಣದ ನೆರಳು ಕಟ್ಟಿ ಓದುವವರ ಕಣ್ಣು ನೋಯುವುದು.

ಕನ್ನಡ ಅಕ್ಷರಗಳಿಗೆ ಬೇರೆ ಎರಡು ಅಪಾಯಗಳುಂಟು. ನುಡಿ, ಬರಹ ಮುಂತಾದವುಗಳ ಹಳೆಯ ಅಕ್ಷರಮಾದರಿಗಳಲ್ಲಿ ಬೆರಳಚ್ಚಾದ ಲೇಖನವು, ಆ ಮಾದರಿಯಿಲ್ಲದ ಗಣಕದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂದಲವಾಗುವುದು. ಯೂನಿಕೋಡಿನಲ್ಲಿ ಬರೆದದ್ದಾದರೂ, ಪುಟ ಜೋಡಿಸುವ ತಂತ್ರಾಂಶಕ್ಕೆ ಭಾರತೀಯ ಲಿಪಿಗಳ ಜೋಡಣೆ ತಿಳಿಯದಿದ್ದರೆ ಒತ್ತುಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಲ್ಲುವುವು. 'ಕ್ರಿಸ್ತ' ಎಂಬ ಪದವೇ ಮುರಿದುಬೀಳುವುದು. ಮುದ್ರಣಕ್ಕೆ ಕೊಡುವ ಪಿ.ಡಿ.ಎಫ್. ಪ್ರತಿಯೊಳಗೆ ಅಕ್ಷರಮಾದರಿಯನ್ನು ಅಡಕಮಾಡಿರಬೇಕು, ಇಲ್ಲವೆ ಅಕ್ಷರಗಳನ್ನೆಲ್ಲ ರೇಖಾಚಿತ್ರಗಳಾಗಿ ಮಾರ್ಪಡಿಸಿರಬೇಕು. ಹಾಗೆ ಮಾರ್ಪಡಿಸಿದ ಮೇಲೆ ಕಾಗುಣಿತವನ್ನು ತಿದ್ದಲಾಗದಾದುದರಿಂದ ಮೂಲ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಂಡಿರುವುದು ಜಾಣತನ.

ಪುಟಗಳ ಲೆಕ್ಕ ಸುಲಭ. ನಡುವೆ ತಂತಿ ಹೊಡೆದ ಪುಸ್ತಕದ ಪುಟಗಳು ನಾಲ್ಕರಿಂದ ಭಾಗಿಸಲ್ಪಡಬೇಕು. ಎಂಟು ಹದಿನಾರುಗಳಿಗೆ ಹೊಂದಿದರೆ ಕಾಗದವೂ ಉಳಿಯುವುದು. ಪುಟಗಳನ್ನು ಕ್ರಮವಾಗಿ ಒಂದೊಂದಾಗಿ ಕೊಡಿರಿ. ಹಾಳೆಯ ಮೇಲೆ ಅವನ್ನು ಮಡಿಕೆಗೆ ತಕ್ಕಂತೆ ಕೂಡಿಸುವುದು ಮುದ್ರಕರ ಕೆಲಸ, ಅದರಲ್ಲಿ ನಾವು ಕೈಹಾಕಬಾರದು.

ತಗಡಾಗುವ ಮೊದಲು ಮುದ್ರಕರು ಕರಡನ್ನು ಕಳುಹಿಸಿ ಒಪ್ಪಿಗೆಯನ್ನು ಕೇಳುವರು. ಇದನ್ನು ತೆರೆಯ ಮೇಲೆ ಓದದೆ, ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿ, ಅಂಚಿನ ಗೆರೆಗೆ ಕತ್ತರಿಸಿ, ಹೊಲಿದು, ಪುಟ ತಿರುವಿ ನೋಡಬೇಕು. ಹೆಸರುಗಳ ಪಟ್ಟಿಯನ್ನು ಒಬ್ಬಳೇ ಓದಬಾರದು, ಯಾಕೆಂದರೆ ತಾನು ಬರೆದ ತಪ್ಪನ್ನು ಕಣ್ಣು ಸರಿಯೆಂದೇ ಓದಿಬಿಡುವುದು. ನಾವು ಈಗ ಮಾಡುವ ಕ್ರಮ ಹೀಗೆ: ಒಬ್ಬರು ಶಾಲೆಯ ದಾಖಲೆ ಪುಸ್ತಕದಿಂದ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದುವರು, ಇನ್ನೊಬ್ಬರು ಕರಡಿನಲ್ಲಿ ಬೆರಳಿಟ್ಟು ಹಿಂಬಾಲಿಸುವರು. ಬಳಿಕ ಚಿತ್ರದಲ್ಲಿರುವ ತಲೆಗಳನ್ನು ಎಣಿಸಿ, ಕೆಳಗಿನ ಹೆಸರುಗಳನ್ನು ಎಣಿಸಿ, ಎರಡೂ ಸಮನಾದರೆ ಮಾತ್ರ ಒಪ್ಪಿಗೆಯ ಸಹಿ ಹಾಕುವೆವು.

ಮುಂದಿನ ಸಂಚಿಕೆಗೆ ಚಿತ್ರ ಕಳುಹಿಸುವವರು ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ವರ್ಷವನ್ನೂ ಗೊತ್ತಿದ್ದಷ್ಟು ಹೆಸರುಗಳನ್ನೂ ಬರೆದಿಡಬೇಕಾಗಿ ಕೇಳಿಕೊಳ್ಳುವೆನು. ಬಾಲ್‌ಪೆನ್ನಿನಿಂದ ಬರೆದರೆ ಗೀರು ಮುಂಬದಿಗೆ ಮೂಡುವುದು. ಪ್ರತಿ ತೆಗೆದ ಮರುದಿನವೇ ಮೂಲಚಿತ್ರವನ್ನು ಹಿಂದಿರುಗಿಸುವೆವು. ಗೋಡೆಯನ್ನು ಕತ್ತರಿಸದೆ ಕಳುಹಿಸಿರಿ.