ರಕ್ಷಕ ಕೋಶಗಳು ಮತ್ತು ಮಕ್ಕಳ ಶಸ್ತ್ರಚಿಕಿತ್ಸಾ ಗಾಯದ ಸೋಂಕು

1. ವ್ಯಾಖ್ಯೆ: ಶಸ್ತ್ರಚಿಕಿತ್ಸೆಯಾದ 30 ದಿನಗಳೊಳಗೆ ಅದೇ ಜಾಗದಲ್ಲಿ ಕಾಣುವ ಸೋಂಕು. ಇಂಪ್ಲಾಂಟ್ ಇಟ್ಟ ಕೆಲವು ಶಸ್ತ್ರಚಿಕಿತ್ಸೆಗಳಿಗೆ 90 ದಿನ (ಹಳೆಯ ಪುಸ್ತಕಗಳಲ್ಲಿ 1 ವರ್ಷ). ಮುಖ್ಯ ಬ್ಯಾಕ್ಟೀರಿಯಾ: ಸ್ಟ್ಯಾಫಿಲೊಕಾಕಸ್ ಆರಿಯಸ್.

2. ಗಾಯಕ್ಕೆ ಮೊದಲು ಬರುವ ರಕ್ಷಕ ಕೋಶ ನ್ಯೂಟ್ರೊಫಿಲ್, ನಂತರ ಮ್ಯಾಕ್ರೊಫೇಜ್. ರಕ್ತದಲ್ಲಿ ಮೊನೊಸೈಟ್, ಅಂಗಾಂಶಕ್ಕೆ ಇಳಿದರೆ ಮ್ಯಾಕ್ರೊಫೇಜ್.

3. ನವಜಾತ ಶಿಶು: ನ್ಯೂಟ್ರೊಫಿಲ್ ದಾಸ್ತಾನು ಕಡಿಮೆ, ಸೋಂಕಿನತ್ತ ಚಲನೆ ನಿಧಾನ.
ಗೊಂದಲ ಬೇಡ: ಮೊದಲ ವಾರದ ನಂತರ ಸುಮಾರು 4–5 ವರ್ಷದವರೆಗೆ ರಕ್ತದಲ್ಲಿ ಲಿಂಫೊಸೈಟ್ ಹೆಚ್ಚಿರುವುದು ಸಹಜ, ರೋಗವಲ್ಲ.

4. ಕ್ರಾನಿಕ್ ಗ್ರಾನ್ಯುಲೊಮ್ಯಾಟಸ್ ಡಿಸೀಸ್ (ಚೆನ್ನಾಗಿ ಓದಿಕೊಳ್ಳಿ): ನ್ಯೂಟ್ರೊಫಿಲ್ ಬ್ಯಾಕ್ಟೀರಿಯಾವನ್ನು ನುಂಗುತ್ತದೆ, ಕೊಲ್ಲಲಾರದು. ದೋಷ: ಎನ್‌ಎಡಿಪಿಎಚ್ ಆಕ್ಸಿಡೇಸ್. ಪರೀಕ್ಷೆ: ಡಿಎಚ್‌ಆರ್ (ಡೈಹೈಡ್ರೊರೋಡಮಿನ್). ಇಂಥ ಮಕ್ಕಳಲ್ಲಿ ಗಾಯ ಮಾಯುವುದು ತಡ.

5. ರಕ್ಷಕ ಕೋಶ ದುಡಿಮೆಯಿಂದಲೂ ಸೋಲಬಹುದು. ಕರ್ನಾಟಕದ ಉದಾಹರಣೆ: ಕೋಲಾರ ಚಿನ್ನದ ಗಣಿ. ಅಲ್ಲಿನ ಚಾಂಪಿಯನ್ ರೀಫ್ಸ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳ. ಗಣಿಗಾರಿಕೆ ನಿಂತದ್ದು 2001. ಗಣಿ ಕಾರ್ಮಿಕರ ಶ್ವಾಸಕೋಶದ ಮ್ಯಾಕ್ರೊಫೇಜ್ ಸಿಲಿಕಾ ಧೂಳನ್ನು ನುಂಗಿ ತಾನೇ ಸಾಯುತ್ತದೆ. ಫಲ ಸಿಲಿಕೋಸಿಸ್, ಜೊತೆಗೆ ಕ್ಷಯದ ಅಪಾಯ. ಕ್ರಾನಿಕ್ ಗ್ರಾನ್ಯುಲೊಮ್ಯಾಟಸ್ ಡಿಸೀಸ್ ಹುಟ್ಟಿನಿಂದ ಬಂದ ದೋಷ, ಸಿಲಿಕೋಸಿಸ್ ದುಡಿಮೆ ತಂದದ್ದು. ಈ ವ್ಯತ್ಯಾಸವನ್ನು ಉತ್ತರದಲ್ಲಿ ತಪ್ಪದೆ ಬರೆಯಿರಿ.

6. ಇತಿಹಾಸ: ಲಿಸ್ಟರ್, ಗಾಯದ ಸೋಂಕು ತಡೆಯಲು ಕಾರ್ಬಾಲಿಕ್ ಆಮ್ಲ: 1867. ಮೆಚ್ನಿಕಾಫ್, ಕೋಶಭಕ್ಷಣೆ (ರಕ್ಷಕ ಕೋಶ ನುಂಗುವ ಕ್ರಿಯೆ): 1882, ನೊಬೆಲ್ 1908, ಎರ್ಲಿಖ್ ಜೊತೆ.